ದಾರಿಯಲ್ಲಿ ಟಯರ್ ಪಂಕ್ಚರ್ ಆದರೆ: ಮಂಗಳೂರು–ಉಡುಪಿ ಕಡೆ ಗಾಡಿ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಚ್ಚು ಕಡಿಮೆ 60 ಕಿಲೋಮೀಟರ್. ಹಗಲು ಹೊತ್ತಲ್ಲಿ ಈ ದಾರಿಯಲ್ಲಿ ಪಂಕ್ಚರ್ ಆದರೆ ಅಷ್ಟೇನೂ ತಲೆಬಿಸಿ ಇಲ್ಲ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಎಲ್ಲಾ ಕಡೆ ಹಳೇ ಟಯರ್ ನೇತುಹಾಕಿದ ಪಂಕ್ಚರ್ ಅಂಗಡಿ ಉಂಟು. ಕಷ್ಟ ಇರುವುದು ಅಂಗಡಿ ಮುಚ್ಚಿದ ಮೇಲೆ. ಯಕ್ಷಗಾನದ ಆಟ ನೋಡಿಕೊಂಡು ರಾತ್ರಿ ಎರಡು ಗಂಟೆಗೆ ವಾಪಸ್ ಬರುವಾಗ, ಬೆಳಗಿನ ಜಾವ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟಾಗ, ಜುಲೈ ಮಳೆಯಲ್ಲಿ ಹೆಬ್ರಿ ದಾಟಿ ಆಗುಂಬೆ ಕಡೆ ಹೋಗುವಾಗ ಟಯರ್ ಕೂತರೆ ಯಾರನ್ನು ಕರೆಯುವುದು?

ಟ್ಯೂಬ್‌ಲೆಸ್ ಟಯರಿಗೆ ಪಂಕ್ಚರ್ ಹಾಕುವುದು ಕಷ್ಟದ ಕೆಲಸ ಅಲ್ಲ. ಸಾಮಾನು ಇದ್ದು, ಮನೆಯಲ್ಲಿ ಒಂದು ಸಲ ಮಾಡಿ ನೋಡಿದ್ದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ, ನೀವು ಎಲ್ಲಿ ನಿಲ್ಲುತ್ತೀರಿ ಎನ್ನುವುದು ಅದಕ್ಕಿಂತ ದೊಡ್ಡ ವಿಷಯ. ಮೊಳೆ ಟಯರನ್ನು ಮಾತ್ರ ಹಾಳು ಮಾಡುತ್ತದೆ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿ ಜೀವ ತೆಗೆಯುತ್ತದೆ.

ಮೊದಲು ನಿಮ್ಮ ಟಯರ್ ಯಾವುದು ನೋಡಿ

ಟಯರಿನ ಬದಿಯಲ್ಲಿ ಟ್ಯೂಬ್‌ಲೆಸ್ ಎಂದೋ ಟ್ಯೂಬ್ ಟೈಪ್ ಎಂದೋ ಬರೆದಿರುತ್ತದೆ. ಈಗಿನ ಕಾರುಗಳಲ್ಲಿ ಹೆಚ್ಚಿನವು ಟ್ಯೂಬ್‌ಲೆಸ್. ಸ್ಕೂಟರ್, ಅಲಾಯ್ ವೀಲ್ ಇರುವ ಬೈಕುಗಳೂ ಹಾಗೆಯೇ. ಕಡ್ಡಿ ಚಕ್ರದ ಬೈಕ್ ಆದರೆ ಬಹುಪಾಲು ಒಳಗೆ ಟ್ಯೂಬ್ ಇರುತ್ತದೆ. ಕೆಲವರು ಟ್ಯೂಬ್‌ಲೆಸ್ ಟಯರಿಗೂ ಹಿಂದೆ ಯಾವಾಗಲೋ ಟ್ಯೂಬ್ ಹಾಕಿಸಿರುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಆದರೆ ಅದನ್ನೂ ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಟ್ಯೂಬ್ ಇರುವ ಟಯರಿಗೆ ಹೊರಗಿನಿಂದ ಸ್ಟ್ರಿಪ್, ಅಂದರೆ ತೂತು ಮುಚ್ಚುವ ಅಂಟು ರಬ್ಬರ್ ಪಟ್ಟಿ, ಹಾಕಲು ಆಗುವುದಿಲ್ಲ.

ಕಾರು ಇದ್ದವರು ಡಿಕ್ಕಿ ತೆರೆದು ಸ್ಟೆಪ್ನಿ ಉಂಟಾ ಅಂತ ಕಣ್ಣಾರೆ ನೋಡಿ. ಇದು ಬೇಡದ ಮಾತಲ್ಲ. ಟ್ಯೂಬ್‌ಲೆಸ್ ಟಯರ್, ರಿಪೇರಿ ಕಿಟ್ ಮತ್ತು ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಎಂದು 2020ರಲ್ಲಿ ನಿಯಮ ಬದಲಾಗಿದೆ. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿ ಜಾಗದಲ್ಲಿ ಬರೀ ಒಂದು ಪಂಪ್, ಒಂದು ಬಾಟಲಿ ಸೀಲಂಟ್ (ಒಳಗಿನಿಂದ ತೂತು ಮುಚ್ಚುವ ದ್ರವ) ಇರುತ್ತದೆ. ಅದು ಘಾಟಿಯಲ್ಲಿ ಗೊತ್ತಾಗುವುದು ಬೇಡ.

ಗಾಳಿ, ಗ್ರಿಪ್, ಉಪ್ಪುಗಾಳಿ

ಅರ್ಧ ಪಂಕ್ಚರ್‌ಗಳನ್ನು ಮನೆಯಲ್ಲೇ ತಪ್ಪಿಸಬಹುದು ಎಂದರೆ ಜಾಸ್ತಿ ಹೇಳಿದ ಹಾಗೆ ಆಗುತ್ತದೆ, ಮೊಳೆಗೆ ಒಳ್ಳೆ ಟಯರ್, ಕೆಟ್ಟ ಟಯರ್ ಅಂತ ಇಲ್ಲ. ಆದರೆ ಗಾಳಿ ಕಡಿಮೆ ಇರುವ ಟಯರ್ ಗುಂಡಿಗೆ ಬಿದ್ದರೆ, ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತದೆ. ಟ್ಯೂಬ್‌ಲೆಸ್ ಆದರೆ ಬದಿ ಉಬ್ಬುತ್ತದೆ ಅಥವಾ ರಿಮ್ ಬೆಂಡ್ ಆಗುತ್ತದೆ. ಮಳೆಗಾಲದ ಗುಂಡಿಗಳಲ್ಲಿ ಆಗುವುದು ಇದೇ.

ಎಷ್ಟು ಗಾಳಿ ಎನ್ನುವುದು ಕಾರಿನಲ್ಲಿ ಡ್ರೈವರ್ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಸಾಮಾನ್ಯವಾಗಿ 30ರಿಂದ 35 ಪಿಎಸ್ಐ. ಸ್ಕೂಟರ್, ಬೈಕುಗಳದ್ದು ಮ್ಯಾನುಯಲ್‌ನಲ್ಲಿ ನೋಡಿ. ಒಬ್ಬರೇ ಹೋಗುವಾಗ ಒಂದು, ಹಿಂದೆ ಒಬ್ಬರು ಕೂತಾಗ ಇನ್ನೊಂದು ಅಂತ ಹಿಂದಿನ ಟಯರಿಗೆ ಎರಡು ಲೆಕ್ಕ ಕೊಟ್ಟಿರುತ್ತಾರೆ. ಬಂಕಿನಲ್ಲಿ ಹುಡುಗ ಎಲ್ಲಾ ಗಾಡಿಗೂ ಒಂದೇ ಲೆಕ್ಕ ಹಿಡಿಯುತ್ತಾನೆ, ನೀವೇ ಹೇಳಿ. ಟಯರ್ ತಣ್ಣಗಿರುವಾಗ ನೋಡಿಸಿ. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಹಾಕಿಸಿ, ಕಾರಾದರೆ ಸ್ಟೆಪ್ನಿಗೂ ಸೇರಿಸಿ. ಗಾಳಿ ಇಲ್ಲದ ಸ್ಟೆಪ್ನಿ ಹೊತ್ತು ತಿರುಗಿ ಪ್ರಯೋಜನ ಇಲ್ಲ.

ಗ್ರಿಪ್ಪಿನ ಸಾಲುಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬ ಕಾಣುತ್ತದೆ. ಟಯರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಾಯಿಸುವ ಕಾಲ ಬಂತು. ಕಾರಿನ ಟಯರಿನಲ್ಲಿ ಅದು 1.6 ಮಿಲಿಮೀಟರ್. ಬದಿಯಲ್ಲಿ ನಾಲ್ಕು ಅಂಕಿಯ ಸಂಖ್ಯೆಯೂ ಇರುತ್ತದೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟಯರ್ ಕೊಳ್ಳುವಾಗಲೂ ಇದನ್ನು ನೋಡಿ ಕೊಳ್ಳಿ.

ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ ಆಗುವುದಕ್ಕೆ ಕಾರಣ ಉಂಟು. ಒದ್ದೆ ರಬ್ಬರನ್ನು ಚೂಪಾದ ವಸ್ತು ಸುಲಭವಾಗಿ ಕೊಯ್ಯುತ್ತದೆ. ಜೊತೆಗೆ ನೀರು ರಸ್ತೆಯ ಮೇಲಿದ್ದ ಮೊಳೆ, ಗಾಜು, ತಂತಿಯ ಚೂರನ್ನೆಲ್ಲಾ ಅಂಚಿಗೆ ತಳ್ಳಿ ಗುಡ್ಡೆ ಹಾಕುತ್ತದೆ. ಸ್ಕೂಟರಿನವರು ಲಾರಿಗೆ ಹೆದರಿ ಅದೇ ಅಂಚಿನಲ್ಲಿ ಹೋಗುತ್ತಾರೆ. ಬಂದರಿಗೂ ಕಾರ್ಖಾನೆಗಳಿಗೂ ಹಗಲು ರಾತ್ರಿ ಲಾರಿ ಓಡುವ ಪಣಂಬೂರು, ಬೈಕಂಪಾಡಿ ಭಾಗದಲ್ಲಿ ಬಿಳಿ ಗೆರೆಯ ಆಚೆ ಕೆಸರಿನಲ್ಲಿ ಚಕ್ರ ಇಳಿಸದೆ, ಗೆರೆಯ ಒಳಗೇ ಸ್ವಲ್ಪ ಜಾಗ ಬಿಟ್ಟು ಹೋಗಿ.

ಕಡಲ ಬದಿಯಲ್ಲಿ ಇರುವವರಿಗೆ ಇನ್ನೊಂದು ಕೆಲಸ. ಇಲ್ಲಿನ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ವರ್ಷಗಟ್ಟಲೆ ಮುಟ್ಟದ ವೀಲ್ ನಟ್ ರಸ್ತೆಯಲ್ಲಿ ಬಿಚ್ಚಲು ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಮನೆಯಂಗಳದಲ್ಲಿ ಒಂದೊಂದೇ ನಟ್ ಸಡಿಲ ಮಾಡಿ ಮತ್ತೆ ಬಿಗಿ ಮಾಡಿ. ಜಾಕಿನ ಸ್ಕ್ರೂಗೆ ಗ್ರೀಸ್ ಹಚ್ಚಿ.

ಗಾಡಿಯಲ್ಲಿ ಏನೇನು ಇಟ್ಟುಕೊಳ್ಳಬೇಕು

ಸ್ಕೂಟರಿನ ಸೀಟಿನಡಿ ಹಿಡಿಯುವಷ್ಟೇ ಸಾಮಾನು ಸಾಕು. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಅಂತ ಕೇಳಿದರೆ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಅರದ ಹಾಗೆ ಒರಟು ಮೊನೆ ಇರುವ ಒಂದು ಹಿಡಿ, ತುದಿಯಲ್ಲಿ ಕಣ್ಣಿರುವ ಸೂಜಿಯ ಒಂದು ಹಿಡಿ, ಅಂಟು ಅಂಟಾದ ಕಂದು ಬಣ್ಣದ ರಬ್ಬರ್ ಸ್ಟ್ರಿಪ್‌ಗಳು, ಸೊಲ್ಯೂಷನ್ ಎನ್ನುವ ರಬ್ಬರ್ ಅಂಟಿನ ಒಂದು ಟ್ಯೂಬ್, ಒಂದು ಬ್ಲೇಡ್ ಇರುತ್ತವೆ. ಪ್ಲಾಸ್ಟಿಕ್ ಹಿಡಿಯ ಕಿಟ್ ತಗೊಳ್ಳಬೇಡಿ. ಕಾರಿನ ಟಯರಿನಲ್ಲಿ ಉಕ್ಕಿನ ತಂತಿಯ ಪದರ ಇರುತ್ತದೆ, ಅದರೊಳಗೆ ಒತ್ತುವಾಗ ಪ್ಲಾಸ್ಟಿಕ್ ಹಿಡಿ ಮುರಿದು ಕೈಗೆ ಚುಚ್ಚುತ್ತದೆ. ಲೋಹದ ಹಿಡಿಯದ್ದೇ ಇರಲಿ.

ಕಿಟ್ಟಿನಲ್ಲಿ ಬಾರದ, ಆದರೆ ಬೇಕೇ ಬೇಕಾದದ್ದು ಒಂದು ಇಕ್ಕುಳ. ಅದಿಲ್ಲದೆ ತಲೆ ಸವೆದ ಮೊಳೆ ಹೊರಗೆ ಬರುವುದಿಲ್ಲ. ಗಾಳಿಗೆ ಬ್ಯಾಟರಿ ಪಂಪ್ ಅಥವಾ ಕಾಲಲ್ಲಿ ಒತ್ತುವ ಪಂಪ್. ಬ್ಯಾಟರಿಯದ್ದಾದರೆ ತಿಂಗಳಿಗೊಮ್ಮೆ ಚಾರ್ಜ್ ನೋಡಿ. ಕಾರಿಗೆ 12 ವೋಲ್ಟ್ ಸಾಕೆಟಿಗೆ ಚುಚ್ಚುವ ಪಂಪ್ ಒಳ್ಳೆಯದು, ಚಾರ್ಜಿನ ಚಿಂತೆ ಇಲ್ಲ. ಒಂದು ಹೆಡ್‌ಲ್ಯಾಂಪ್ ಟಾರ್ಚ್ ಇರಲಿ, ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡಲು ಆಗುವುದಿಲ್ಲ. ಬೆಳಕು ಬಿದ್ದರೆ ಹೊಳೆಯುವ ಜಾಕೆಟ್, ಒಂದು ಹಳೇ ಬಟ್ಟೆ, ಚಾಕ್‌ಪೀಸ್ ಚೂರು, ಎರಡು ವಾಲ್ವ್ ಪಿನ್ (ಗಾಳಿ ತುಂಬಿಸುವ ಬಾಯಿಯೊಳಗಿನ ಸಣ್ಣ ಪಿನ್), ಒಂದು ಪ್ಯಾಕೆಟ್ ಶಾಂಪೂ ಸೇರಿಸಿಕೊಳ್ಳಿ. ಶಾಂಪೂ ಏಕೆ ಎಂದು ಮುಂದೆ ಹೇಳುತ್ತೇನೆ. ಕಾರಿನವರು ಒಂದಡಿ ಅಗಲದ ಗಟ್ಟಿ ಹಲಗೆ ತುಂಡು, ಕೆಂಪು ತ್ರಿಕೋನ ಮತ್ತು ಸ್ಪ್ಯಾನರಿಗೆ ಸಿಕ್ಕಿಸುವ ಒಂದು ಕಬ್ಬಿಣದ ಪೈಪ್ ಇಟ್ಟುಕೊಳ್ಳಿ.

ಸೊಲ್ಯೂಷನ್ ಟ್ಯೂಬ್ ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಣಗುತ್ತದೆ. ಸ್ಟ್ರಿಪ್ ಗಟ್ಟಿಯಾಗಿ ಅಂಟು ಹೋದರೂ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು ಕಿಟ್ ತೆಗೆದು ನೋಡಿ.

ಪಂಕ್ಚರ್ ಆದದ್ದು ಗೊತ್ತಾದ ಕ್ಷಣ

ಹಿಂದಿನ ಟಯರ್ ಕೂತರೆ ಗಾಡಿಯ ಹಿಂಭಾಗ ಆಚೀಚೆ ಓಲಾಡುತ್ತದೆ. ಮುಂದಿನದ್ದಾದರೆ ಹ್ಯಾಂಡಲ್ ಭಾರವಾಗುತ್ತದೆ, ಒಂದು ಕಡೆ ಎಳೆಯುತ್ತದೆ. ಎರಡರಲ್ಲೂ ಮಾಡಬೇಕಾದದ್ದು ಒಂದೇ: ಬ್ರೇಕ್ ಜೋರಾಗಿ ಹಿಡಿಯಬೇಡಿ. ಆಕ್ಸಿಲರೇಟರ್ ಬಿಡಿ, ಎರಡೂ ಕೈಯಲ್ಲಿ ಹ್ಯಾಂಡಲ್ ಗಟ್ಟಿ ಹಿಡಿಯಿರಿ, ಗಾಡಿ ತಾನೇ ನಿಧಾನ ಆಗಲಿ. ಬ್ರೇಕ್ ಬೇಕೇ ಬೇಕಾದರೆ ಸರಿ ಇರುವ ಚಕ್ರದ್ದನ್ನು ಮೆಲ್ಲಗೆ ಹಿಡಿಯಿರಿ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ.

ಆದರೆ ಎಡಕ್ಕೆ ಬಂದ ಕೂಡಲೇ ಅಲ್ಲೇ ನಿಲ್ಲಿಸಬೇಡಿ. ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರದ ಸೇತುವೆಗಳ ಮೇಲೆ ಅಥವಾ ಪಂಪ್‌ವೆಲ್, ಕೊಟ್ಟಾರ ಚೌಕಿಯ ಫ್ಲೈಓವರ್ ಮೇಲೆ ಪಂಕ್ಚರ್ ಆದರೆ ನಡೆಯುವಷ್ಟು ನಿಧಾನಕ್ಕೆ, ಹಜಾರ್ಡ್ ಲೈಟ್ ಹಾಕಿಕೊಂಡು ಸೇತುವೆ ದಾಟಿಯೇ ನಿಲ್ಲಿಸಿ. ಟಯರ್ ಹಾಳಾಗಬಹುದು. ಆಗಲಿ ಮಾರಾಯ್ರೆ, ಟಯರ್ ಅಂಗಡಿಯಲ್ಲಿ ಸಿಗುತ್ತದೆ. ತಿರುವಿನಲ್ಲಿ, ಏರಿನ ತುದಿ ದಾಟಿದ ಕೂಡಲೇ, ಡಿವೈಡರ್ ಬದಿಯಲ್ಲಿ ನಿಲ್ಲಿಸಲೇಬಾರದು. ಹತ್ತಿರ ಸರ್ವೀಸ್ ರಸ್ತೆ ಇದ್ದರೆ ಅದಕ್ಕೆ ಇಳಿಯಿರಿ. ಬಂಕ್, ಬಸ್ ಸ್ಟ್ಯಾಂಡ್, ದೀಪ ಉರಿಯುವ ಹೋಟೆಲ್ ಅಂಗಳ ಇನ್ನೂ ಒಳ್ಳೆಯದು.

ಕಾರಿನಲ್ಲಿ ಇರುವವರನ್ನು ಎಡ ಬಾಗಿಲಿನಿಂದ ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ. ಮಳೆ ಬರುತ್ತಿದೆ ಎಂದು ಮಕ್ಕಳನ್ನು ಕಾರಿನೊಳಗೇ ಕೂರಿಸಬೇಡಿ, ಕೊಡೆ ಕೊಟ್ಟು ಹೊರಗೆ ಕಳಿಸಿ. ತ್ರಿಕೋನವನ್ನು ಗಾಡಿಯ ಹಿಂದೆ 50 ಮೀಟರ್ ಆದರೂ ದೂರ ಇಡಿ. ತ್ರಿಕೋನ ಇಲ್ಲದಿದ್ದರೆ ಲಾರಿಯವರು ಮಾಡುವಂತೆ ಸೊಪ್ಪಿನ ಗೆಲ್ಲು ಮುರಿದು ಹಾಕಿ. ಕಲ್ಲು ಇಡಬೇಡಿ. ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟುಹೋದ ಕಲ್ಲಿಗೆ ರಾತ್ರಿ ಸ್ಕೂಟರಿನವರು ಬಡಿದು ಬೀಳುತ್ತಾರೆ. ಬೇರೆಯವರು ಬಿಟ್ಟುಹೋದ ಕಲ್ಲು ಕಂಡರೆ, ಸುರಕ್ಷಿತ ಅನ್ನಿಸಿದರೆ ಅದನ್ನೂ ತೆಗೆದು ಬದಿಗಿಡಿ.

ಜಾಗ ಸರಿಯಿಲ್ಲ ಅನ್ನಿಸಿದರೆ ರಿಪೇರಿಗೆ ಕೈಹಾಕಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಇದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ತುರ್ತು ಅನ್ನಿಸಿದರೆ 112.

ಟ್ಯೂಬ್‌ಲೆಸ್ ಟಯರಿಗೆ ಸ್ಟ್ರಿಪ್ ಹಾಕುವ ಬಗೆ

ಮೊಳೆ ಕಂಡ ಕೂಡಲೇ ಕೀಳಬೇಡಿ. ಎಷ್ಟೋ ಸಲ ಮೊಳೆಯೇ ತೂತನ್ನು ಮುಚ್ಚಿಕೊಂಡು ಕೂತಿರುತ್ತದೆ. ಗಾಳಿ ನಿಧಾನಕ್ಕೆ ಹೋಗುತ್ತಿದ್ದರೆ ಪಂಪಿನಿಂದ ಗಾಳಿ ತುಂಬಿಸಿಕೊಂಡು, ಮೊಳೆ ಇದ್ದ ಹಾಗೇ ನಿಧಾನಕ್ಕೆ ಹತ್ತಿರದ ಅಂಗಡಿವರೆಗೆ ಹೋಗಬಹುದು. ಅಂಗಡಿ ಇಲ್ಲ, ಗಾಳಿ ನಿಲ್ಲುತ್ತಿಲ್ಲ ಎಂದರೆ ಮಾತ್ರ ಮುಂದಿನ ಕೆಲಸ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸುತ್ತಾ ನೋಡಿ. ಮೊಳೆ ಕಾಣದಿದ್ದರೆ ಸ್ವಲ್ಪ ಗಾಳಿ ತುಂಬಿಸಿ, ನೀರಿನ ಬಾಟಲಿಗೆ ಶಾಂಪೂ ಹಾಕಿ ಕುಲುಕಿ ಟಯರ್ ಮೇಲೆ ಸುರಿಯಿರಿ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ವಾಲ್ವಿನ ಬಾಯಿಗೂ ಒಂದು ಹನಿ ಹಾಕಿ ನೋಡಿ, ಪಿನ್ ಸಡಿಲ ಆಗಿಯೂ ಗಾಳಿ ಹೋಗುತ್ತದೆ. ಜಾಗ ಸಿಕ್ಕಿದ ಮೇಲೆ ಚಾಕ್‌ಪೀಸಿನಿಂದ ಸುತ್ತ ಗುರುತು ಹಾಕಿ, ಮೊಳೆ ಕಿತ್ತ ಮೇಲೆ ಆ ಸಣ್ಣ ತೂತು ಹುಡುಕುವುದು ಕಷ್ಟ.

ತೂತು ನೆಲಕ್ಕೆ ತಾಗುವ ಭಾಗದಲ್ಲಿ ಇದ್ದು, 6 ಮಿಲಿಮೀಟರಿಗಿಂತ ದೊಡ್ಡದಿಲ್ಲದಿದ್ದರೆ ಮಾತ್ರ ಸ್ಟ್ರಿಪ್ ಹಾಕಿ. ಕಂಪನಿಯ ಹೆಸರು ಬರೆದಿರುವ ಬದಿಯಲ್ಲೋ, ಅಂಚಿನ ಮಡಿಕೆಯಲ್ಲೋ ತೂತಿದ್ದರೆ ಬೇಡ. ಆ ಭಾಗ ಓಡುವಾಗ ಸದಾ ಮಡಚಿ ಬಿಚ್ಚುತ್ತಿರುತ್ತದೆ, ಸ್ಟ್ರಿಪ್ ನಿಲ್ಲುವುದಿಲ್ಲ, ಟಯರ್ ಒಡೆಯಬಹುದು.

ಕೀಳುವ ಮೊದಲೇ ಸ್ಟ್ರಿಪ್ ಸಿದ್ಧ ಮಾಡಿಟ್ಟುಕೊಳ್ಳಿ. ಸೂಜಿಗೆ ದಾರ ಪೋಣಿಸುವ ಹಾಗೆ ಸ್ಟ್ರಿಪ್ಪನ್ನು ಕಣ್ಣಿನೊಳಗೆ ತೂರಿಸಿ, ಎರಡೂ ಕಡೆ ಸಮವಾಗಿ ಇರುವಂತೆ ಎಳೆಯಿರಿ. ತುದಿಯನ್ನು ಬೆರಳಲ್ಲಿ ಹಿಚುಕಿ ಚಪ್ಪಟೆ ಮಾಡಿದರೆ ಸಲೀಸಾಗಿ ಹೋಗುತ್ತದೆ. ಈಗ ಮೊಳೆ ಯಾವ ಕೋನದಲ್ಲಿ ಹೋಗಿದೆ ಅಂತ ಸರಿಯಾಗಿ ನೋಡಿಕೊಂಡು, ಇಕ್ಕುಳದಲ್ಲಿ ಅದೇ ಕೋನದಲ್ಲಿ ಎಳೆಯಿರಿ. ಅರದ ಹಿಡಿಗೆ ಸ್ವಲ್ಪ ಸೊಲ್ಯೂಷನ್ ಹಚ್ಚಿ, ಅದೇ ಕೋನದಲ್ಲಿ ತೂತಿನೊಳಗೆ ತಿರುಗಿಸುತ್ತಾ ಒತ್ತಿ. ಐದಾರು ಸಲ ಒಳಗೆ ಹೊರಗೆ ಆಡಿಸಿ. ಒಳ್ಳೆ ಟಯರಿಗೆ ಹೀಗೆ ತೂತು ಅಗಲ ಮಾಡುವಾಗ ಮನಸ್ಸು ಹಿಂದೇಟು ಹಾಕುತ್ತದೆ. ಆದರೆ ಒಳಗಿನ ಗೋಡೆ ಒರಟಾಗದಿದ್ದರೆ ಸ್ಟ್ರಿಪ್ ಕಚ್ಚಿಕೊಳ್ಳುವುದಿಲ್ಲ.

ಅರದ ಹಿಡಿಯನ್ನು ತೂತಿನಲ್ಲೇ ಬಿಟ್ಟು, ಸ್ಟ್ರಿಪ್ಪಿಗೆ ಸೊಲ್ಯೂಷನ್ ಹಚ್ಚಿ. ಆಮೇಲೆ ಅದನ್ನು ತೆಗೆದು ಕೂಡಲೇ ಸೂಜಿ ಹಿಡಿಯನ್ನು ಒತ್ತಿ. ಇಲ್ಲಿ ಬಲ ಬೇಕು. ಕೈಯ ಬಲ ಸಾಲದಿದ್ದರೆ ಮೊಣಕಾಲೂರಿ ದೇಹದ ಭಾರ ಹಾಕಿ. ಮೊದಲು ಏನೂ ಆಗದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಸೂಜಿ ಒಳಗೆ ಇಳಿಯುತ್ತದೆ. ಸ್ಟ್ರಿಪ್ಪಿನ ಎರಡು ಬಾಲ ಹೊರಗೆ ಸುಮಾರು ಒಂದೂವರೆ ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ. ಪೂರ್ತಿ ಒಳಗೆ ಹೋದರೆ ಇನ್ನೊಂದು ಸ್ಟ್ರಿಪ್ ಬೇಕಾಗುತ್ತದೆ.

ಈಗ ಹಿಡಿಯನ್ನು ತಿರುಗಿಸದೆ, ನೆಟ್ಟಗೆ, ಒಂದೇ ಏಟಿಗೆ ಹೊರಗೆಳೆಯಿರಿ. ನಿಧಾನಕ್ಕೆ ಎಳೆದರೆ ಸ್ಟ್ರಿಪ್ ಕೂಡ ಬರುತ್ತದೆ. ಸರಿಯಾಗಿ ಎಳೆದರೆ ಸೂಜಿ ಬರಿದಾಗಿ ಬರುತ್ತದೆ, ಸ್ಟ್ರಿಪ್ ಒಳಗೆ ಮಡಚಿ ಕೂರುತ್ತದೆ. ಹೊರಗಿನ ಬಾಲವನ್ನು ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಟಯರಿಗೆ ಸಮ ಆಗುವಂತೆ ಕತ್ತರಿಸಬೇಡಿ, ಉಳಿದದ್ದು ಓಡುವಾಗ ತಾನೇ ಸವೆಯುತ್ತದೆ.

ಗಾಳಿ ತುಂಬಿಸಿ, ಶಾಂಪೂ ನೀರು ಮತ್ತೆ ಹಾಕಿ. ಗುಳ್ಳೆ ಬಾರದಿದ್ದರೆ ಕೆಲಸ ಆಯಿತು. ಸಣ್ಣ ಗುಳ್ಳೆ ಬಂದರೆ ಪಕ್ಕದಲ್ಲೇ ಇನ್ನೊಂದು ಸ್ಟ್ರಿಪ್ ತೂರಿಸಿ. ಎರಡಕ್ಕೂ ನಿಲ್ಲದಿದ್ದರೆ ಅದು ರಸ್ತೆಬದಿಯ ರಿಪೇರಿಗೆ ಬಗ್ಗುವ ತೂತಲ್ಲ.

ಟಯರ್ ಪೂರ್ತಿ ಕೂತ ಮೇಲೂ ಓಡಿಸಿದರೆ ಅದರ ಅಂಚು ರಿಮ್ ಬಿಟ್ಟು ಒಳಗೆ ಜಾರುತ್ತದೆ. ಆಮೇಲೆ ಸಣ್ಣ ಪಂಪಿನಲ್ಲಿ ಎಷ್ಟು ಹೊಡೆದರೂ ಗಾಳಿ ಬದಿಯಿಂದಲೇ ಹೊರಗೆ ಹೋಗುತ್ತದೆ, ಅಂಗಡಿಯ ಕಂಪ್ರೆಸ್ಸರೇ ಬೇಕು. ಜೀವಕ್ಕೆ ಅಪಾಯ ಇಲ್ಲದ ಜಾಗದಲ್ಲಿ ಬೇಗ ನಿಲ್ಲಿಸಿ ಎನ್ನುವುದು ಇದಕ್ಕೇ.

ಈ ಕೆಲಸವನ್ನು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಲು ಸುಲಭ. ಪರಿಚಯದ ಪಂಕ್ಚರ್ ಅಂಗಡಿಯಲ್ಲಿ ಒಂದು ಹಳೇ ಟಯರ್ ಕೇಳಿ ತನ್ನಿ, ಮೊಳೆ ಹೊಡೆದು ಸ್ಟ್ರಿಪ್ ಹಾಕಿ ನೋಡಿ. ಎಷ್ಟು ಬಲ ಬೇಕು ಎನ್ನುವುದು ಓದಿದರೆ ಗೊತ್ತಾಗುವುದಿಲ್ಲ.

ಟ್ಯೂಬ್ ಟಯರ್ ಆದರೆ

ಚಕ್ರ ಬಿಚ್ಚಿ, ಲಿವರ್ ಹಾಕಿ ಟಯರ್ ಎಬ್ಬಿಸಿ, ಟ್ಯೂಬ್ ಹೊರತೆಗೆಯಬೇಕು. ದೂರ ಪ್ರಯಾಣಕ್ಕೆ ಹೊರಟರೆ ಪ್ಯಾಚ್‌ಗಿಂತ ಹೊಸ ಟ್ಯೂಬ್ ಒಂದನ್ನು ಒಯ್ಯುವುದೇ ಜಾಣತನ. ಪ್ಯಾಚ್ ಹಾಕುವುದಾದರೆ ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗಿ ಬರೀ ಅಂಟಂಟು ಉಳಿಯುವ ತನಕ ಕಾಯಿರಿ. ಹಸಿ ಇರುವಾಗಲೇ ಅಂಟಿಸಿದರೆ ಪ್ಯಾಚ್ ಬಿಟ್ಟುಕೊಳ್ಳುತ್ತದೆ. ಟ್ಯೂಬ್ ಒಳಗೆ ಹಾಕುವ ಮೊದಲು ಟಯರಿನ ಒಳಭಾಗವನ್ನು ಬಟ್ಟೆಯಿಂದ ಒರೆಸಿ ನೋಡಿ. ಮೊಳೆ ಅಲ್ಲೇ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ. ಇಷ್ಟೆಲ್ಲಾ ಆಗದಿದ್ದರೆ ಗಾಡಿ ತಳ್ಳಿಕೊಂಡು ಮೈಲಿಗಟ್ಟಲೆ ಹೋಗಬೇಡಿ, ವಾಲ್ವಿನ ಬುಡದಲ್ಲಿ ಟ್ಯೂಬ್ ಹರಿಯುತ್ತದೆ. ಟೆಂಪೋ ಹಿಡಿದು ಸಾಗಿಸಿ.

ಕಾರಿಗೆ ಸ್ಟೆಪ್ನಿ ಹಾಕುವುದು

ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಡಿ. ಕೂತ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರಕ್ಕೆ ಎರಡೂ ಕಡೆಯಿಂದ ಅಡ್ಡ ಕೊಡಿ. ನಟ್‌ಗಳನ್ನು ಜಾಕ್ ಎತ್ತುವ ಮೊದಲೇ ಸಡಿಲ ಮಾಡಬೇಕು. ಗಾಳಿಯಲ್ಲಿದ್ದ ಚಕ್ರ ತಿರುಗುತ್ತದೆ, ಕಾರು ಜಾಕಿನಿಂದ ಜಾರಬಹುದು. ಸರ್ವೀಸಿನಲ್ಲಿ ನಟ್ ಬಿಗಿಸುವ ಯಂತ್ರದ ಗನ್ನಿನಿಂದ ಬಿಗಿ ಮಾಡಿದ್ದರೆ ಕೈಗೆ ಬಗ್ಗುವುದಿಲ್ಲ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಕೆಳಗೊತ್ತಿ. ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಮಳೆಗಾಲದಲ್ಲಿ ರಸ್ತೆಬದಿಯ ಕೆಂಪು ಮಣ್ಣು ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗೆ. ಜಾಕ್ ಹೂತುಹೋಗುತ್ತದೆ, ಓರೆಯಾಗುತ್ತದೆ. ಆ ಹಲಗೆ ತುಂಡು ಇರುವುದು ಇದಕ್ಕೆ. ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕ್ ಕೂರಿಸಲು ಗುರುತು ಇರುತ್ತದೆ, ಅಲ್ಲೇ ಇಡಿ. ಕಾರು ಎದ್ದ ಮೇಲೆ ಅದರಡಿಗೆ ಕೈಕಾಲು ಹಾಕಬೇಡಿ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಡಿ, ಜಾಕ್ ಜಾರಿದರೂ ಕಾರು ಪೂರ್ತಿ ನೆಲಕ್ಕೆ ಬೀಳುವುದಿಲ್ಲ.

ಸ್ಟೆಪ್ನಿ ಕೂರಿಸಿ ನಟ್‌ಗಳನ್ನು ಕೈಯಲ್ಲೇ ತಿರುಗಿಸಿ. ಒಂದಾದ ಮೇಲೆ ಅದರ ಎದುರಿನದ್ದು, ಹೀಗೆ. ಸಾಲಾಗಿ ಬಿಗಿ ಮಾಡಿದರೆ ಚಕ್ರ ಓರೆ ಕೂರುತ್ತದೆ. ಕಾರು ಇಳಿಸಿದ ಮೇಲೆ ಅದೇ ಕ್ರಮದಲ್ಲಿ ಪೂರ್ತಿ ಬಿಗಿ ಮಾಡಿ. ಸ್ಟೆಪ್ನಿ ಬೇರೆ ಚಕ್ರಗಳಿಗಿಂತ ಸಪೂರ ಇದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್. ಮಳೆಯಲ್ಲಿ ಅದಕ್ಕಿಂತಲೂ ಕಡಿಮೆ ಇರಲಿ.

ಘಾಟಿಗೆ ಹೋಗುವ ಮೊದಲು

ಆಗುಂಬೆ, ಚಾರ್ಮಾಡಿ, ಶಿರಾಡಿ, ಮೂರರಲ್ಲೂ ಎಲ್ಲಾ ಕಡೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಹೆಬ್ರಿಯಲ್ಲೋ, ಉಜಿರೆಯಲ್ಲೋ, ಉಪ್ಪಿನಂಗಡಿಯಲ್ಲೋ ಚಾ ಕುಡಿಯಲು ನಿಂತಾಗ ನಾಲ್ಕೂ ಟಯರ್ ಒಮ್ಮೆ ಸುತ್ತಿ ನೋಡಿ. ಸಂಶಯ ಬಂದರೆ ಅಲ್ಲೇ ಸರಿ ಮಾಡಿಸಿ. ಘಾಟಿಯ ತಿರುವಿನಲ್ಲಿ ಪಂಕ್ಚರ್ ಆದರೆ ನಿಧಾನಕ್ಕೆ ತಿರುವು ದಾಟಿ, ಎರಡೂ ಕಡೆಯಿಂದ ಬರುವವರಿಗೆ ಕಾಣುವ ಜಾಗಕ್ಕೆ ಗಾಡಿ ತನ್ನಿ. ಮಂಜು ಇದ್ದರೆ ಜೊತೆಗಿರುವವರಲ್ಲಿ ಒಬ್ಬರು ಟಾರ್ಚ್ ಹಿಡಿದು ರಸ್ತೆಯ ಹೊರಗೆ, ಸ್ವಲ್ಪ ಹಿಂದೆ ನಿಲ್ಲಲಿ.

ಮನೆಗೆ ಬಂದ ಮೇಲೆ

ಹೊರಗಿನಿಂದ ಹಾಕಿದ ಸ್ಟ್ರಿಪ್ ತಾತ್ಕಾಲಿಕ. ಮನೆ ತಲುಪುವ ತನಕ ವೇಗ ಗಂಟೆಗೆ 60 ಕಿಲೋಮೀಟರ್ ದಾಟಬಾರದು, ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಗಾಳಿ ನೋಡಿ. ಮಾರನೇ ದಿನ ಟಯರ್ ಬಿಚ್ಚಿಸಿ, ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯ ಆಕಾರದ ರಬ್ಬರ್ ಪ್ಯಾಚ್) ಹಾಕಿಸಿ. ಬಿಚ್ಚಿದಾಗ ಒಳಗೆ ರಬ್ಬರ್ ಪುಡಿ ಉದುರಿದ್ದರೆ ಗಾಳಿ ಇಲ್ಲದೆ ಓಡಿದ್ದರಿಂದ ಬದಿ ಸವೆದಿದೆ ಎಂದರ್ಥ, ಆ ಟಯರ್ ಬಿಡಿ. ಬೈಕಿನ ಮುಂದಿನ ಟಯರಿಗೆ ದೊಡ್ಡ ತೂತಾಗಿದ್ದರೆ ನಾನಂತೂ ಹೊಸದನ್ನೇ ಹಾಕಿಸುತ್ತೇನೆ, ಅಲ್ಲಿ ಉಳಿತಾಯ ನೋಡುವುದಿಲ್ಲ. ಸೀಲಂಟ್ ಜೆಲ್ ಹಾಕಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ, ಒಳಗೆ ತೊಳೆದು ಒಣಗಿಸದೆ ಪ್ಯಾಚ್ ಹಿಡಿಯುವುದಿಲ್ಲ.

ಸ್ಟೆಪ್ನಿ ಹಾಕಿದ್ದರೆ 50 ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೊಮ್ಮೆ ಬಿಗಿ ಮಾಡಿ. ಪಂಕ್ಚರ್ ಆದ ಚಕ್ರವನ್ನು ಅದೇ ವಾರ ರಿಪೇರಿ ಮಾಡಿಸಿ. ಕಿಟ್ಟಿನಲ್ಲಿ ಖರ್ಚಾದ ಸ್ಟ್ರಿಪ್, ತೆರೆದ ಸೊಲ್ಯೂಷನ್, ಮುಗಿದ ಶಾಂಪೂ ಪ್ಯಾಕೆಟ್ ಬದಲಿಗೆ ಹೊಸದು ಇಟ್ಟು, ಪಂಪ್ ಚಾರ್ಜಿಗೆ ಹಾಕಿ.